ಕೀಬೋರ್ಡಿನ ವೇಷ ಹಾಕಿದ ಸ್ಕ್ಯಾನರ್

ಪರಿಚಯದವರೊಬ್ಬರ ಗ್ರಂಥಾಲಯಕ್ಕೆ ವೈರ್‌ಲೆಸ್ ಬಾರ್‌ಕೋಡ್ ಸ್ಕ್ಯಾನರ್ ಬಂದ ದಿನ ನನಗೂ ಕರೆ ಬಂತು. ಪೆಟ್ಟಿಗೆಯಲ್ಲಿದ್ದದ್ದು ಮೂರೇ ಸಾಮಾನು: ಎಲ್ಲರೂ ‘ಗನ್’ ಎನ್ನುವ ಸ್ಕ್ಯಾನರ್, ಅದು ಕೂರುವ ಬೇಸ್, ಬೇಸ್‌ನಿಂದ ಕಂಪ್ಯೂಟರಿಗೆ ಹೋಗುವ ಯುಎಸ್‌ಬಿ ಕೇಬಲ್. ಹಾಕಿಕೊಳ್ಳಬೇಕಾದ ಸಾಫ್ಟ್‌ವೇರ್ ಏನೂ ಇರಲಿಲ್ಲ. ಕೇಬಲ್ ಚುಚ್ಚಿ, ಒಂದು ಪುಸ್ತಕದ ಲೇಬಲ್ ಮೇಲೆ ಬೆಳಕು ಬಿಟ್ಟೆವು. ಬೀಪ್ ಎಂದಿತು. ತೆರೆಯ ಮೇಲೆ ಮೂಡಿದ್ದು ‘ಳಭ’, ಅದರ ಹಿಂದೆ ನಾಲ್ಕು ಅಂಕಿ. ಲೇಬಲ್ಲಿನಲ್ಲಿದ್ದದ್ದು ಎಲ್ ಮತ್ತು ಬಿ ಎಂಬ ಇಂಗ್ಲಿಷ್ ದೊಡ್ಡಕ್ಷರಗಳು. ಯಂತ್ರ ಕೆಟ್ಟಿದೆ ಎಂದರು ಒಬ್ಬರು. ಇಲ್ಲ, ಕನ್ನಡ ಕಲಿತಿದೆ ಎಂದರು ಇನ್ನೊಬ್ಬರು. ಎರಡನೆಯವರ ತಮಾಷೆಯೇ ನಿಜಕ್ಕೆ ಹತ್ತಿರವಿತ್ತು. ಅದು ಹೇಗೆ ಎಂದು ತಿಳಿಯಲು ಈ ಯಂತ್ರದ ವಂಶಾವಳಿಯನ್ನೇ ಸ್ವಲ್ಪ ಕೆದಕಬೇಕು.

ಗೆರೆಗಳ ಕಥೆ ಹಲವರಿಗೆ ಗೊತ್ತು. 1948ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸಂಸ್ಥೆಯಲ್ಲಿ, ದಿನಸಿ ಅಂಗಡಿಗಳ ಮಾಲೀಕನೊಬ್ಬ ‘ಸಾಮಾನಿನ ಲೆಕ್ಕ ತಾನಾಗಿಯೇ ಆಗುವಂತೆ ಏನಾದರೂ ಮಾಡಿಕೊಡಿ’ ಎಂದು ಡೀನರ ಮುಂದೆ ಅಲವತ್ತುಕೊಂಡದ್ದು ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿಯ ಕಿವಿಗೆ ಬಿತ್ತು. ಅವನ ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮಯಾಮಿಯ ಕಡಲತೀರದಲ್ಲಿ ಕೂತು, ಮೋರ್ಸ್ ಸಂಕೇತದ ಚುಕ್ಕಿ-ಗೀಟುಗಳನ್ನು ಮರಳಲ್ಲಿ ಬೆರಳಿನಿಂದ ಕೆಳಕ್ಕೆ ಎಳೆದ. 1952ರ ಅಕ್ಟೋಬರ್ 7ರಂದು ಪೇಟೆಂಟ್ ಸಿಕ್ಕಿತು. ಅವರು ಕಟ್ಟಿದ ಮೊದಲ ಓದುಯಂತ್ರದಲ್ಲಿ 500 ವ್ಯಾಟಿನ ಬಲ್ಬಿತ್ತು. ಅದರ ಕಾವಿಗೆ ಕಾಗದ ಹೊಗೆಯಾಡುತ್ತಿತ್ತು. ಅಂಥದ್ದನ್ನು ಕೈಯಲ್ಲಿ ಹಿಡಿಯುವ ಮಾತೇ ಇರಲಿಲ್ಲ.

ಲೇಸರ್ ಬಂದದ್ದು 1960ರಲ್ಲಿ. ಐಬಿಎಂನ ಜಾರ್ಜ್ ಲಾರರ್ ರೂಪಿಸಿದ ಯುಪಿಸಿ ಗೆರೆಗಳನ್ನು ಅಮೆರಿಕದ ದಿನಸಿ ಉದ್ಯಮ 1973ರಲ್ಲಿ ಒಪ್ಪಿಕೊಂಡಿತು. 1974ರ ಜೂನ್ 26ರಂದು ಓಹಾಯೊದ ಟ್ರಾಯ್ ಪಟ್ಟಣದ ಮಾರ್ಷ್ ಅಂಗಡಿಯಲ್ಲಿ ಹತ್ತು ಪೊಟ್ಟಣಗಳ ಒಂದು ಚ್ಯೂಯಿಂಗ್ ಗಮ್ ಕಟ್ಟು ಗಾಜಿನ ಮೇಲೆ ಹಾದುಹೋಯಿತು. ಬೆಲೆ 67 ಸೆಂಟ್. ಇಲ್ಲಿ ಗಮನಿಸಬೇಕಾದದ್ದು ಗಮ್ ಅಲ್ಲ, ಗಾಜು. ಓದುಯಂತ್ರವನ್ನು ಮೇಜಿನೊಳಗೆ ಹುಗಿದಿದ್ದರು, ಸಾಮಾನೇ ಅದರ ಬಳಿಗೆ ಬರಬೇಕಿತ್ತು. ಗಮ್ ಬಂದೀತು, ಅಕ್ಕಿ ಮೂಟೆ, ಕಬ್ಬಿಣದ ಬೀರು, ಗೋದಾಮಿನ ಮೇಲಟ್ಟದ ಪೆಟ್ಟಿಗೆ ಬರುತ್ತವೆಯೇ?

ಯಂತ್ರವೇ ಸಾಮಾನಿನ ಬಳಿಗೆ ಹೋಗಲಿ ಎಂಬ ಯೋಚನೆ ಮೊದಲು ಕಾಲೂರಿದ ಜಾಗಗಳಲ್ಲಿ ಗ್ರಂಥಾಲಯವೂ ಒಂದು. ಇಂಗ್ಲೆಂಡಿನ ಪ್ಲೆಸ್ಸಿ ಕಂಪನಿ 1970ರ ದಶಕದ ಆರಂಭದಲ್ಲೇ ಪುಸ್ತಕ ಕೊಡುವ-ಪಡೆಯುವ ಮೇಜಿಗೆ ಬೆಳಕಿನ ಪೆನ್ನು ಕೊಟ್ಟಿತ್ತು. ಗೆರೆಗಳ ಮೇಲೆ ಅದನ್ನು ಒಂದೇ ವೇಗದಲ್ಲಿ ಎಳೆಯಬೇಕು, ಕೈ ನಡುಗಿದರೆ ಮತ್ತೆ ಮೊದಲಿಂದ. ಯುಪಿಸಿಯಲ್ಲಿ ಅಂಕಿಗಳಿಗಷ್ಟೇ ಜಾಗ. ಅಕ್ಷರಗಳಿಗೂ ಜಾಗ ಮಾಡಿದ ಕೋಡ್ 39 ಅನ್ನು ಇಂಟರ್‌ಮೆಕ್‌ನ ಡೇವಿಡ್ ಅಲೈಸ್ ಮತ್ತು ರೇ ಸ್ಟೀವನ್ಸ್ 1974ರ ಸುಮಾರಿಗೆ ತಂದರು. ನಮ್ಮ ಗ್ರಂಥಾಲಯದ ‘ಎಲ್‌ಬಿ’ಯ ಮೂಲ ಅದು. 1980ರ ದಶಕದ ಆರಂಭದಲ್ಲಿ ಸಿಂಬಲ್ ಟೆಕ್ನಾಲಜೀಸ್ ಕೈಯಲ್ಲಿ ಹಿಡಿಯುವ ಲೇಸರ್ ಸ್ಕ್ಯಾನರನ್ನು ಮಾರುಕಟ್ಟೆಗೆ ಬಿಟ್ಟಿತು. ಒಳಗೆ ಕನ್ನಡಿಯೊಂದು ಅತ್ತಿತ್ತ ಓಲಾಡಿ ಬೆಳಕಿನ ಚುಕ್ಕಿಯನ್ನು ಗೆರೆಯಾಗಿ ಎಳೆಯುವುದರಿಂದ, ಪೆನ್ನು ಹಿಡಿದವರ ಕೈಚಳಕ ಇನ್ನು ಬೇಕಿರಲಿಲ್ಲ. ಗುರಿಯಿಡು, ಕುದುರೆ ಒತ್ತು. ಗನ್ ಎಂಬ ಹೆಸರು ಅಂಟಿದ್ದರಲ್ಲಿ ಆಶ್ಚರ್ಯವಿಲ್ಲ.

ಓದುವ ಸಮಸ್ಯೆ ಹೀಗೆ ಮುಗಿಯಿತು. ಓದಿದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವುದು ಹೇಗೆ? ಆ ಕಾಲದ ಬಿಲ್ಲಿಂಗ್ ತಂತ್ರಾಂಶಗಳಿಗೆ ಬಾರ್‌ಕೋಡ್ ಎಂಬ ಪದಾರ್ಥವೇ ತಿಳಿಯದು. ಅವಕ್ಕೆ ಗೊತ್ತಿದ್ದದ್ದು ಕೀಬೋರ್ಡ್ ಒಂದೇ. ಹಾಗಾಗಿ ಒಂದು ಜಾಣ ಉಪಾಯ ಹುಟ್ಟಿತು: ಕೀಬೋರ್ಡಿಗೂ ಕಂಪ್ಯೂಟರಿಗೂ ನಡುವೆ ‘ವೆಡ್ಜ್’ ಎಂಬ ಸಣ್ಣ ಪೆಟ್ಟಿಗೆ ತೂರಿಸುವುದು. ಸ್ಕ್ಯಾನರ್ ಓದಿದ ಪ್ರತಿ ಅಕ್ಷರವನ್ನೂ ವೆಡ್ಜ್ ಆಯಾ ಕೀಲಿ ಒತ್ತಿದ ಸಂಕೇತವಾಗಿ ಕಳಿಸುತ್ತದೆ. ಯಾರೋ ಭಾರೀ ವೇಗದಲ್ಲಿ ಟೈಪ್ ಮಾಡುತ್ತಿದ್ದಾರೆ ಎಂದು ಕಂಪ್ಯೂಟರ್ ನಂಬುತ್ತದೆ. ಪೆಟ್ಟಿಗೆ ಹೋಗಿ ಯುಎಸ್‌ಬಿ ಬಂದರೂ ವೇಷ ಕಳಚಲಿಲ್ಲ. ಇಂದಿಗೂ ಬಹುಪಾಲು ಸ್ಕ್ಯಾನರ್‌ಗಳು ಚುಚ್ಚಿದ ಕೂಡಲೇ ‘ನಾನೊಂದು ಕೀಬೋರ್ಡ್’ ಎಂದೇ ಪರಿಚಯ ಹೇಳಿಕೊಳ್ಳುತ್ತವೆ. ಈ ಇಡೀ ಕ್ಷೇತ್ರದಲ್ಲಿ ಲೇಸರಿಗಿಂತಲೂ ದೊಡ್ಡ ಜಾಣತನ ಇದೇ ಎಂದು ನನ್ನ ಎಣಿಕೆ. ಯಾವ ತಂತ್ರಾಂಶವನ್ನೂ ಬದಲಿಸಬೇಕಾಗಿ ಬರಲಿಲ್ಲ.

ಇನ್ನುಳಿದದ್ದು ತಂತಿ. ರೇಡಿಯೊ ಬಳಸಲು ಪರವಾನಗಿಯ ತೊಡಕಿತ್ತು. 1985ರಲ್ಲಿ ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 900 ಮೆಗಾಹರ್ಟ್ಸ್, 2.4 ಮತ್ತು 5.8 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿಗಳನ್ನು ಸ್ಪ್ರೆಡ್ ಸ್ಪೆಕ್ಟ್ರಮ್ (ಸಂಕೇತವನ್ನು ಅಗಲವಾಗಿ ಹರಡಿ ಕಳಿಸುವ) ಸಾಧನಗಳಿಗೆ ಪರವಾನಗಿಯಿಲ್ಲದೆ ಬಿಟ್ಟುಕೊಟ್ಟಿತು. ಅದಕ್ಕೆ ಕೂಡಲೇ ಕೈಹಾಕಿದವರಲ್ಲಿ ಕ್ಯಾಶ್ ರಿಜಿಸ್ಟರ್ ತಯಾರಿಸುವ ಎನ್‌ಸಿಆರ್ ಮುಖ್ಯವಾದದ್ದು. ಅಂಗಡಿಯ ಗಲ್ಲಾ ಯಂತ್ರಗಳನ್ನು ತಂತಿಯಿಲ್ಲದೆ ಜೋಡಿಸಬೇಕೆಂದು ಅದರ ನೆದರ್ಲೆಂಡ್ಸ್ ಎಂಜಿನಿಯರುಗಳು ವೇವ್‌ಲ್ಯಾನ್ ಕಟ್ಟಿದರು. ಅಲ್ಲಿನ ವಿಕ್ ಹೇಯ್ಸ್ ಅಧ್ಯಕ್ಷತೆಯ ಸಮಿತಿ 1997ರಲ್ಲಿ ಹೊರತಂದ ಮಾನದಂಡವೇ ಇವತ್ತಿನ ವೈಫೈಯ ಬೇರು. ಮನೆಮನೆಯ ವೈಫೈ ಹುಟ್ಟಿದ್ದು ದಿನಸಿ ಅಂಗಡಿಯ ಗಲ್ಲಾದಿಂದ ಎಂಬುದು ಯಾಕೋ ನಮ್ಮ ಮಾತುಕತೆಯಲ್ಲಿ ಬರುವುದೇ ಇಲ್ಲ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ ಪರವಾನಗಿ ವಿನಾಯಿತಿಯ ನಿಯಮ ಬಂದದ್ದು 2005ರಲ್ಲಿ.

ಕೈ ಸ್ಕ್ಯಾನರಿಗೆ ವೈಫೈ ಭಾರವಾಯಿತು, ಬ್ಯಾಟರಿ ತಾಳದು. ಕೆಲವು ಕಂಪನಿಗಳು ತಮ್ಮದೇ ರೇಡಿಯೊ ಬಳಸಿದವು. ಕೊನೆಗೆ ಹೆಚ್ಚಿನವರು ಬ್ಲೂಟೂತ್ ಕಡೆಗೆ ವಾಲಿದರು. ಬ್ಲೂಟೂತ್ ಒಂದೇ ಕಡೆ ನಿಲ್ಲದೆ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ, ಹಾಗಾಗಿ ಅಕ್ಕಪಕ್ಕದ ವೈಫೈ ಗದ್ದಲದಲ್ಲೂ ಕೆಲಸ ನಡೆಯುತ್ತದೆ. ಒಂದು ಯಜಮಾನ ಸಾಧನಕ್ಕೆ ಏಕಕಾಲದಲ್ಲಿ ಏಳು ಸಂಗಾತಿಗಳು, ಅದಕ್ಕಿಂತ ಹೆಚ್ಚಿಲ್ಲ. ಕೆಲವು ಬೇಸ್‌ಗಳು ಏಳು ಸ್ಕ್ಯಾನರ್‌ಗಳವರೆಗೆ ತೆಗೆದುಕೊಳ್ಳುವುದು ಇದೇ ಲೆಕ್ಕದಿಂದ.

ಬ್ಲೂಟೂತ್ ನೇರವಾಗಿ ಕಂಪ್ಯೂಟರಿಗೇ ಸೇರಬಹುದಲ್ಲ, ಬೇಸ್ ಏಕೆ ಎಂದು ಕೇಳುವವರಿದ್ದಾರೆ. ಚಾರ್ಜ್ ಮಾಡುವುದು ಅದರ ಸಣ್ಣ ಕೆಲಸ. ದೊಡ್ಡ ಕೆಲಸವೆಂದರೆ ವೇಷ ಉಳಿಸುವುದು: ಕಂಪ್ಯೂಟರಿಗೆ ಕಾಣುವುದು ತಂತಿಯ ಕೀಬೋರ್ಡ್ ಮಾತ್ರ, ರೇಡಿಯೊದ ರಗಳೆಯೆಲ್ಲ ಬೇಸ್ ಮತ್ತು ಸ್ಕ್ಯಾನರಿನ ಖಾಸಗಿ ವ್ಯವಹಾರ. ಆದರೆ ಆ ವ್ಯವಹಾರ ಶುರುವಾಗುವುದು ಹೇಗೆ? ಗನ್ನಿಗೆ ತೆರೆಯಿಲ್ಲ, ಗುಂಡಿಗಳಿಲ್ಲ, ಇರುವುದೊಂದು ಕುದುರೆ. ಅದಕ್ಕೆ ತಿಳಿಯುವ ಭಾಷೆ ಬಾರ್‌ಕೋಡ್ ಒಂದೇ. ಹಾಗಾಗಿ ಬೇಸ್‌ನ ಮೈಮೇಲೆ ಅದರ ಬ್ಲೂಟೂತ್ ವಿಳಾಸವನ್ನೇ ಗೆರೆಗಳಾಗಿ ಮುದ್ರಿಸಿರುತ್ತಾರೆ. ಸ್ಕ್ಯಾನರ್ ಆ ಲೇಬಲ್ ಓದಿದರೆ ಜೋಡಿ ಕೂಡಿತು. ಕೆಲವು ಮಾದರಿಗಳಲ್ಲಿ ಬೇಸ್‌ನ ಮೇಲೆ ಕೂರಿಸಿದರೆ ಸಾಕು. ಉಳಿದ ಅಪ್ಪಣೆಗಳೂ ಹಾಗೆಯೇ: ಕೈಪಿಡಿಯ ಪುಟ ತೆರೆದು, ‘ಪ್ರತಿ ಓದಿನ ಕೊನೆಗೆ ಎಂಟರ್ ಒತ್ತು’ ಎನ್ನುವ ಗೆರೆ ಓದಿಸಿದರೆ ಅಂದಿನಿಂದ ಒತ್ತುತ್ತದೆ. ಏನೋ ಎಡವಟ್ಟಾಯಿತೇ, ಫ್ಯಾಕ್ಟರಿ ಸೆಟ್ಟಿಂಗಿಗೆ ಮರಳಿಸುವ ಗೆರೆಯೂ ಅಲ್ಲೇ ಇದೆ. ಆ ಪುಟವನ್ನು ಜೆರಾಕ್ಸ್ ಮಾಡಿಸಿ ಡ್ರಾಯರಿನಲ್ಲಿಡಿ. ಕೈಪಿಡಿ ಕಳೆದ ಮೇಲೆ ಅದರ ಬೆಲೆ ತಿಳಿಯುತ್ತದೆ.

ಅಕ್ಕಪಕ್ಕ ಎರಡು ಕೌಂಟರ್ ಇರುವ ಅಂಗಡಿಯಲ್ಲಿ ಇದರದೇ ಒಂದು ಪ್ರಹಸನ ನೋಡಿದ್ದೇನೆ. ಶೆಲ್ಫ್ ಒರೆಸುವಾಗ ಬೇಸ್‌ಗಳು ಅದಲುಬದಲಾಗಿದ್ದವು. ಇಲ್ಲಿ ಸೋಪು ಸ್ಕ್ಯಾನ್ ಮಾಡಿದರೆ ಪಕ್ಕದ ಗಿರಾಕಿಯ ಬಿಲ್ಲಿಗೆ ಏರುತ್ತಿತ್ತು. ಸ್ಕ್ಯಾನರ್ ನಿಷ್ಠೆ ಇಟ್ಟದ್ದು ಬೇಸ್‌ಗೆ. ಅದು ಯಾರ ಮೇಜಿನ ಮೇಲಿದೆ ಎಂಬ ಚಿಂತೆ ಅದಕ್ಕಿಲ್ಲ. ಬೇಸ್‌ಗೂ ಗನ್ನಿಗೂ ಒಂದೇ ಬಣ್ಣದ ಟೇಪು ಸುತ್ತಿದ ಮೇಲೆ ಗಲಾಟೆ ನಿಂತಿತು.

ಈಚಿನ ಬದಲಾವಣೆಯೆಂದರೆ ಲೇಸರಿನ ಜಾಗಕ್ಕೆ ಕ್ಯಾಮೆರಾ ಬಂದದ್ದು. 1994ರಲ್ಲಿ ಜಪಾನಿನ ಡೆನ್ಸೋದಲ್ಲಿ ಮಸಾಹಿರೊ ಹಾರಾ ರೂಪಿಸಿದ ಕ್ಯೂಆರ್ ಕೋಡ್ ಅನ್ನು ಒಂದೇ ಗೆರೆ ಎಳೆಯುವ ಲೇಸರ್ ಓದಲಾರದು. ಮೊಬೈಲ್ ತೆರೆಯ ಮೇಲಿನ ಟಿಕೆಟ್ಟೂ ಅದಕ್ಕೆ ಸರಿಯಾಗಿ ಕಾಣದು. ಕಂಪನಿಗಳ ಹೆಸರುಗಳೂ ಕಲಸಿಹೋಗಿವೆ: ಸಿಂಬಲ್ ಮೊದಲು ಮೋಟೊರೊಲಾ ಪಾಲಾಗಿ, 2014ರಲ್ಲಿ ಝೀಬ್ರಾ ಸೇರಿತು, ಇಂಟರ್‌ಮೆಕ್ ಹನಿವೆಲ್ ಒಳಗೆ ಹೋಯಿತು. ಆದರೆ ಕ್ಯಾಮೆರಾ ಬಂದರೂ ಯಜಮಾನರು ಬದಲಾದರೂ ಕೀಬೋರ್ಡ್ ವೇಷ ಮಾತ್ರ ಹಾಗೇ ಇದೆ.

ಈಗ ‘ಳಭ’ಕ್ಕೆ ಬರೋಣ. ಆ ಕಂಪ್ಯೂಟರಿನಲ್ಲಿ ಬೆಳಿಗ್ಗೆ ಯಾರೋ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ತೆರೆದು ಕನ್ನಡದಲ್ಲಿ ಸುತ್ತೋಲೆ ಟೈಪ್ ಮಾಡಿ ಹಾಗೇ ಬಿಟ್ಟಿದ್ದರು. ನುಡಿಯ ಕೀಲಿ ವಿನ್ಯಾಸಕ್ಕೆ ಕೆ.ಪಿ. ರಾವ್ ಅವರ ವಿನ್ಯಾಸವೇ ಆಧಾರ. ಅದರಲ್ಲಿ ಶಿಫ್ಟ್ ಹಿಡಿದು ಎಲ್ ಒತ್ತಿದರೆ ಳ, ಬಿ ಒತ್ತಿದರೆ ಭ. ಸ್ಕ್ಯಾನರ್ ತಾನು ಕೀಬೋರ್ಡ್ ಎಂದು ಹೇಳಿಕೊಂಡಿತ್ತು, ನುಡಿ ಅದನ್ನು ನಂಬಿ ಕನ್ನಡ ಕೊಟ್ಟಿತು. ವೇಷ ಕಳಚಿಸಿ ಸ್ಕ್ಯಾನರನ್ನು ಸೀರಿಯಲ್ ಪೋರ್ಟಾಗಿ ಬದಲಿಸಬಹುದಿತ್ತು, ಆದರೆ ಅವರ ತಂತ್ರಾಂಶ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಕೊನೆಗೆ ಗ್ರಂಥಪಾಲಕರು ಮಾನಿಟರಿನ ಅಂಚಿಗೆ ‘ಮೊದಲು ಇಂಗ್ಲಿಷ್ ಮಾಡಿ’ ಎಂಬ ಚೀಟಿ ಅಂಟಿಸಿದರು. ಹೊಸ ಪುಸ್ತಕಗಳಿಗೆ ಈಗ ಅಂಕಿ ಮಾತ್ರದ ಲೇಬಲ್. ಹಳೆಯ ಕಪಾಟುಗಳಲ್ಲಿ ಎಲ್‌ಬಿ ಇನ್ನೂ ಇದೆ, ಚೀಟಿಯೂ.