ಕಾಂಕ್ರೀಟಿನೊಳಗೆ ಸರಳಿನ ಹಿಡಿತ: ಉಕ್ಕು ಮತ್ತು ಗಾಜಿನ ನಾರು

ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳಲಾರದು. ಎಳೆತವನ್ನು ಹೊರಲೆಂದೇ ಅದರೊಳಗೆ ಸರಳುಗಳನ್ನು ಹುದುಗಿಸಲಾಗುತ್ತದೆ. ಆದರೆ ಸರಳು ಎಷ್ಟೇ ಬಲವಾಗಿರಲಿ, ಕಾಂಕ್ರೀಟು ಅದನ್ನು ಜಾರಗೊಡದೆ ಹಿಡಿದರೆ ಮಾತ್ರ ಆ ಬಲ ಉಪಯೋಗಕ್ಕೆ ಬರುತ್ತದೆ. ಈ ಹಿಡಿತವನ್ನೇ ಎಂಜಿನಿಯರುಗಳು ‘ಬಾಂಡ್’ ಎನ್ನುತ್ತಾರೆ.

ಉಕ್ಕಿನ ಸರಳು

ಹಿಡಿತದ ಮೂಲಗಳು ಮೂರು: ಸಿಮೆಂಟಿನ ಅಂಟು, ಘರ್ಷಣೆ ಹಾಗೂ ಸರಳಿನ ಮೈಮೇಲಿನ ಏಣುಗಳ ಕಚ್ಚುವಿಕೆ. ಸರಳು ತುಸು ಜಾರಿದೊಡನೆ ಅಂಟು ಬಿಟ್ಟುಹೋಗುತ್ತದೆ. ಬಳಿಕ ಭಾರ ಹೊರುವುದು ಮುಖ್ಯವಾಗಿ ಏಣುಗಳೇ. 1884ರಲ್ಲಿ ಅಮೆರಿಕದಲ್ಲಿ ಅರ್ನೆಸ್ಟ್ ರಾನ್ಸಮ್ ತಿರುಚಿದ ಚೌಕ ಸರಳಿಗೆ ಪೇಟೆಂಟ್ ಪಡೆದದ್ದೂ ಹಿಡಿತ ಹೆಚ್ಚಿಸುವ ಸಲುವಾಗಿಯೇ.

ಐಎಸ್ 456:2000 ಸಂಹಿತೆಯು ಎಂ20 ದರ್ಜೆಯ ಕಾಂಕ್ರೀಟಿನಲ್ಲಿ ನುಣುಪು ಸರಳಿಗೆ ಪ್ರತಿ ಚದರ ಮಿ.ಮೀ.ಗೆ 1.2 ನ್ಯೂಟನ್ ಹಿಡಿತವನ್ನು ನಿಗದಿಪಡಿಸಿದೆ. ಏಣುಳ್ಳ ಸರಳಿಗೆ ಇದು ಶೇ. 60ರಷ್ಟು ಹೆಚ್ಚು, ಅಂದರೆ 1.92. ಈ ಲೆಕ್ಕದಂತೆ ಎಫ್ಇ 500 ದರ್ಜೆಯ 12 ಮಿ.ಮೀ. ಸರಳು ಎಳೆತದಲ್ಲಿ ಪೂರ್ಣ ಬಲ ನೀಡಲು ಸುಮಾರು 680 ಮಿ.ಮೀ. ಉದ್ದಕ್ಕೆ ಕಾಂಕ್ರೀಟಿನೊಳಗಿರಬೇಕು.

ಸಡಿಲವಾದ ತುಕ್ಕು, ಎಣ್ಣೆ, ಮಣ್ಣು, ಬಣ್ಣ ಇವೆಲ್ಲ ಹಿಡಿತವನ್ನು ಕೆಡಿಸುತ್ತವೆ. ಹುದುಗಿದ ಉಕ್ಕಿಗೆ ಮುಂದೆ ತುಕ್ಕು ಹಿಡಿದರೆ ಅದು ಹಿಗ್ಗಿ ಸುತ್ತಲಿನ ಕಾಂಕ್ರೀಟನ್ನೇ ಸೀಳುತ್ತದೆ.

ಗಾಜಿನ ನಾರಿನ ಸರಳು

ಗಾಜಿನ ನಾರನ್ನು ರಾಳದಲ್ಲಿ ಬೆಸೆದು ತಯಾರಿಸುವ ಕಾಂಪೋಸಿಟ್ ಸರಳಿಗೆ ತುಕ್ಕಿನ ಭಯವಿಲ್ಲ. ತೂಕವೂ ಉಕ್ಕಿನ ಸುಮಾರು ನಾಲ್ಕನೆಯ ಒಂದು ಭಾಗ. ಉಪ್ಪುಗಾಳಿ ಬೀಸುವ ಕಡಲತೀರದ ಕಾಮಗಾರಿಗಳಿಗೆ ಇದು ಹೊಂದುವುದು ಈ ಕಾರಣದಿಂದಲೇ.

ಆದರೆ ಇದರ ಹಿಡಿತದ ರೀತಿ ಬೇರೆ. ಮೈಯನ್ನು ಒರಟಾಗಿಸಲು ಮರಳು ಅಂಟಿಸುತ್ತಾರೆ, ಸುರುಳಿಯಾಗಿ ನಾರು ಸುತ್ತುತ್ತಾರೆ ಅಥವಾ ರಾಳದಲ್ಲೇ ಏಣು ಮೂಡಿಸುತ್ತಾರೆ. ಉಕ್ಕಿನ ಸರಳು ಕಿತ್ತುಬರುವಾಗ ಏಣುಗಳ ನಡುವಿನ ಕಾಂಕ್ರೀಟು ನುಗ್ಗಾಗುತ್ತದೆ. ಇಲ್ಲಿ ಸರಳಿನ ಹೊರಪದರವೇ ಸುಲಿದು ಬರಬಹುದು. ಹೀಗಾಗಿ ಹಿಡಿತದ ಪ್ರಮಾಣ ತಯಾರಿಕೆಯಿಂದ ತಯಾರಿಕೆಗೆ ಬದಲಾಗುತ್ತದೆ.

ಎಳೆತದ ಬಲ ಉಕ್ಕಿಗಿಂತ ಹೆಚ್ಚಿದ್ದರೂ ಬಿಗುವು ಅದರ ಕಾಲು ಭಾಗದಷ್ಟು ಮಾತ್ರ. ಆದ್ದರಿಂದ ಅದೇ ಭಾರಕ್ಕೆ ಈ ಸರಳು ಹೆಚ್ಚು ಹಿಗ್ಗುತ್ತದೆ, ಬಿರುಕುಗಳು ಅಗಲವಾಗುತ್ತವೆ. ಸಾಮಾನ್ಯ ಬಗೆಯ ಸರಳನ್ನು ಕಾಮಗಾರಿ ಸ್ಥಳದಲ್ಲಿ ಬಗ್ಗಿಸಲಾಗದು. ಕೊಕ್ಕೆಗಳನ್ನು ಕಾರ್ಖಾನೆಯಲ್ಲೇ ರೂಪಿಸಬೇಕು. ಬೆಂಕಿ ಬಿದ್ದರೆ ರಾಳ ಮೆತ್ತಗಾಗಿ, ಉಕ್ಕಿಗಿಂತ ಬಹಳ ಮೊದಲೇ ಹಿಡಿತ ಸಡಿಲಗೊಳ್ಳುತ್ತದೆ.

ಬದಲಾಯಿಸುವ ಮುನ್ನ

ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ 2022ರಲ್ಲಿ ಗಾಜಿನ ನಾರಿನ ಸರಳುಗಳಿಗೆಂದೇ ಪ್ರತ್ಯೇಕ ಸಂಹಿತೆ ಹೊರತಂದಿತು. ಉಕ್ಕಿಗಾಗಿ ಸಿದ್ಧಪಡಿಸಿದ ನಕ್ಷೆಯಲ್ಲಿ ಅದೇ ದಪ್ಪದ, ಅದೇ ಉದ್ದದ ಕಾಂಪೋಸಿಟ್ ಸರಳನ್ನು ಹಾಕಿಬಿಡುವುದು ಅಪಾಯಕರ. ಹುದುಗುವ ಉದ್ದ, ಜೋಡಣೆ, ಬಾಗು, ಬಿರುಕು ಎಲ್ಲವನ್ನೂ ಎಂಜಿನಿಯರು ಹೊಸದಾಗಿ ಲೆಕ್ಕ ಹಾಕಿದ ಬಳಿಕವೇ ಬದಲಾವಣೆಗೆ ಮುಂದಾಗಬೇಕು.