ಮೊದಲ ಪಾಠದ ಜರ್ಮನ್‌ನಲ್ಲಿ ಲೂಥರನ ಹೆಜ್ಜೆಗುರುತು

ದೈವಶಾಸ್ತ್ರದ ಉನ್ನತ ವ್ಯಾಸಂಗಕ್ಕಾಗಿ ಜರ್ಮನ್ ಭಾಷೆಯನ್ನು ಕಲಿಯತೊಡಗುವ ವಿದ್ಯಾರ್ಥಿಗೆ ಮೊದಲ ಪಾಠಗಳಲ್ಲಿಯೇ ಎದುರಾಗುವ ಪ್ರಶ್ನೆ, 'ನಿಮ್ಮ ವೃತ್ತಿ ಯಾವುದು?' ಎಂಬುದು. ವೃತ್ತಿಗೆ ಜರ್ಮನರ ಪದ 'ಬೆರೂಫ್'. ಬಡಗಿ, ದಾದಿ, ರೈಲು ಚಾಲಕ ಎಲ್ಲರಿಗೂ ಅದೇ ಪದ. ಅದರ ಗರ್ಭದಲ್ಲಿರುವುದು 'ರೂಫೆನ್', ಅಂದರೆ ಕರೆ ಎಂಬ ಕ್ರಿಯಾಪದ. ಉತ್ತರ ಹೇಳುವವನಿಗೆ ಇದರ ಅರಿವಿಲ್ಲದಿದ್ದರೂ, ತನ್ನನ್ನು ಯಾವುದಕ್ಕೆ ಕರೆಯಲಾಗಿದೆ ಎಂಬ ಪ್ರಶ್ನೆಗೇ ಅವನು ಉತ್ತರಿಸುತ್ತಿರುತ್ತಾನೆ.

ಮಧ್ಯಯುಗದ ಪಾಶ್ಚಾತ್ಯ ಸಭೆಯಲ್ಲಿ ದೈವಕರೆಯೆಂಬುದು ಮುಖ್ಯವಾಗಿ ಸನ್ಯಾಸಿಗಳಿಗೂ ಗುರುಗಳಿಗೂ ಮೀಸಲಾದ ಮಾತಾಗಿತ್ತು. ಮಾರ್ಟಿನ್ ಲೂಥರನು ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದಾಗ ಭಾಷಾಂತರಿಸಿದ ಹೊಸ ಒಡಂಬಡಿಕೆ 1522ರ ಸೆಪ್ಟೆಂಬರಿನಲ್ಲಿ ವಿಟ್ಟೆನ್‌ಬೆರ್ಗ್‌ನಲ್ಲಿ ಪ್ರಕಟವಾಯಿತು. ಸಂಪೂರ್ಣ ಸತ್ಯವೇದ 1534ರಲ್ಲಿ. ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ಬರುವ 'ಕ್ಲೇಸಿಸ್' ಎಂಬ ಗ್ರೀಕ್ ಪದಕ್ಕೆ ಆ ಪರಂಪರೆಯಲ್ಲಿ ನೆಲೆನಿಂತ ಅನುವಾದ 'ಬೆರೂಫ್'. ಅಲ್ಲಿಗೆ ಅಚ್ಚರಿಯೇನಿಲ್ಲ. ಆದರೆ ಸಿರಾಖನ ಗ್ರಂಥದ 11ನೆಯ ಅಧ್ಯಾಯದಲ್ಲಿ ಮೂಲವು ಕೇವಲ ಕೆಲಸ, ದುಡಿಮೆ ಎಂದು ಹೇಳುವಲ್ಲಿಯೂ ಲೂಥರನು 'ಬೆರೂಫ್' ಎಂದೇ ಬರೆದನು. ಒಬ್ಬ ಭಾಷಾಂತರಕಾರನ ಈ ಆಯ್ಕೆಯಿಂದ ಚಮ್ಮಾರನ ಉಳಿಯೂ ಗೃಹಿಣಿಯ ಪೊರಕೆಯೂ ಕರೆಯ ವ್ಯಾಪ್ತಿಯೊಳಕ್ಕೆ ಬಂದವು. 20ನೆಯ ಶತಮಾನದ ಆರಂಭದಲ್ಲಿ ಮ್ಯಾಕ್ಸ್ ವೇಬರನು ಪ್ರಾಟೆಸ್ಟಂಟ್ ನೀತಿಯ ಕುರಿತ ತನ್ನ ಪ್ರಬಂಧದಲ್ಲಿ ಈ ಪದದ ಚರಿತ್ರೆಗೆ ಒಂದು ಅಧ್ಯಾಯವನ್ನೇ ಕೊಟ್ಟನು.

ಲೂಥರನ ವಾರಸುದಾರರೆಂದು ಹೇಳಿಕೊಳ್ಳುವ ನಮ್ಮ ಸಭೆಗಳಲ್ಲಿ ಇಂದು 'ಕರೆ ಹೊಂದಿದವರು' ಎಂದರೆ ಯಾರು? ಬಹುಮಟ್ಟಿಗೆ ದೀಕ್ಷೆ ಪಡೆದ ನಾವೇ. ಅವನು ಒಡೆದ ಗೋಡೆಯನ್ನು ನಾವು ಸದ್ದಿಲ್ಲದೆ ಮರಳಿ ಕಟ್ಟಿದ್ದೇವೆಂದು ನನಗೆ ತೋರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಕ್ರಮೇಣ ನೇಯ್ಗೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದಾಗ, ಜೀವನೋಪಾಯ ಕಳೆದುಕೊಂಡಿದ್ದ ವಿಶ್ವಾಸಿಗಳಿಗೆ ದುಡಿಮೆ ದೊರಕಿತು. ಆ ಹಂಚುಗಾರನ ಬೆರೂಫನ್ನು ನಮ್ಮ ಸಭಾಚರಿತ್ರೆಗಳು ಪ್ರಸಂಗಿಯ ಬೆರೂಫಿನಷ್ಟು ವಿವರವಾಗಿ ದಾಖಲಿಸಿಲ್ಲ.

ಕಲಿಯುವವನಿಗೆ ಎರಡನೆಯ ತೊಡಕು ಸರ್ವನಾಮದ್ದು. ಆಪ್ತರಿಗೆ, ಮಕ್ಕಳಿಗೆ 'ಡು'. ಅಪರಿಚಿತರಿಗೆ, ಪ್ರಾಧ್ಯಾಪಕರಿಗೆ 'ಜೀ'. 'ಡು' ಎನ್ನೋಣವೆಂಬ ಸಲುಗೆಯನ್ನು ಹಿರಿಯರೇ ಮೊದಲು ನೀಡಬೇಕು. ನೀನು, ನೀವು ಎಂಬ ಭೇದವನ್ನು ತಾಯಿಯ ಮಡಿಲಿನಲ್ಲಿಯೇ ಕಲಿತ ಕನ್ನಡಿಗನಿಗೆ ಇದು ಆಂಗ್ಲರಿಗಾಗುವಷ್ಟು ಕಷ್ಟವಲ್ಲ. ಆದರೆ ದೇವರಿಗೆ? ಜರ್ಮನರ ಪ್ರಾರ್ಥನೆಯಲ್ಲಿ ದೇವರು ಯಾವಾಗಲೂ 'ಡು'. ಪ್ರಾರ್ಥನೆ ಮುಗಿಸಿ ಬಾಗಿಲ ಬಳಿ ಸಭಾಪಾಲಕರ ಕೈಕುಲುಕುವಾಗ 'ಜೀ' ಎನ್ನುವವರು ಈಗಲೂ ಅನೇಕರು! ಗೌರವಾರ್ಥಕ 'ಜೀ' ಎಲ್ಲೆಡೆ ನೆಲೆಗೊಂಡದ್ದು 18ನೆಯ ಶತಮಾನದಲ್ಲಿ. ಲೂಥರನ ಕಾಲದಲ್ಲಿಯೂ 'ಈರ್' ಎಂಬ ಬಹುವಚನ ಗೌರವಕ್ಕೆ ಬಳಕೆಯಲ್ಲಿತ್ತು. ಅರಸರಿಗೆ ಸಲ್ಲುತ್ತಿದ್ದ ಅದನ್ನು ಅವನು ದೇವರಿಗೆ ಬಳಸದೆ, ಹೀಬ್ರೂ ಮತ್ತು ಗ್ರೀಕ್ ಮೂಲಗಳ ಏಕವಚನವನ್ನೇ ಉಳಿಸಿಕೊಂಡನು. ನಮ್ಮ ಸತ್ಯವೇದವೂ 'ನೀನು' ಎಂದೇ ದೇವರನ್ನು ಸಂಬೋಧಿಸುತ್ತದೆ. ವಚನಕಾರರಿಂದಲೂ ದಾಸರಿಂದಲೂ ಆ ಸಲುಗೆಯ ಏಕವಚನಕ್ಕೆ ಕನ್ನಡ ಕಿವಿ ಮೊದಲೇ ಪಳಗಿತ್ತು.

'ಶುಲ್ಟ್' ಎಂಬ ಪದವನ್ನೂ ಗಮನಿಸಬೇಕು. ಬರೆಯುವಾಗ ಕೊನೆಯಲ್ಲಿ ಡಕಾರ, ನುಡಿಯುವಾಗ ಟಕಾರ. ಕರ್ತನ ಪ್ರಾರ್ಥನೆಯಲ್ಲಿ ಅದು ಅಪರಾಧ. ಬಹುವಚನವಾಗಿ 'ಶುಲ್ಡೆನ್' ಆದೊಡನೆ ಬ್ಯಾಂಕಿನ ಸಾಲ. ಮತ್ತಾಯನ ಸುವಾರ್ತೆಯ ಗ್ರೀಕ್ ಪದದಲ್ಲಿಯೂ ಸಾಲವೇ ಇದೆ. ನಮ್ಮ 'ಋಣ'ವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ದಿನಚರಿ. ಸಂಜೆ ಕೆಲಸ ಮುಗಿದಾಗ ಸಹೋದ್ಯೋಗಿಗಳು 'ಫೈಯರ್‌ಆಬೆಂಟ್' ಎನ್ನುತ್ತಾರೆ. ಮೂಲದಲ್ಲಿ ಅದು ಹಬ್ಬದ ಹಿಂದಿನ ಸಂಜೆ; ಈಗ ಪ್ರತಿದಿನದ ಬಿಡುವು. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಗೋಡೆಗೆ ಮೊಳೆ ಹೊಡೆಯಲು, ಹುಲ್ಲು ಕತ್ತರಿಸುವ ಯಂತ್ರ ಓಡಿಸಲು ಹೊರಟರೆ ನೆರೆಯವರು ಬಾಗಿಲು ತಟ್ಟಿಯಾರು. ಇದು ಕೇವಲ ರೂಢಿಯಲ್ಲ. ಭಾನುವಾರವನ್ನು ಕೆಲಸದ ವಿರಾಮಕ್ಕೂ ಆತ್ಮದ ಉನ್ನತಿಗೂ ಕಾಯ್ದಿರಿಸುವ 1919ರ ವೈಮಾರ್ ಸಂವಿಧಾನದ 139ನೆಯ ವಿಧಿಯನ್ನು 1949ರ ಮೂಲ ಕಾನೂನು ತನ್ನ 140ನೆಯ ವಿಧಿಯ ಮೂಲಕ ಉಳಿಸಿಕೊಂಡಿದೆ. ದೇವಾಲಯದ ಪೀಠಗಳು ಖಾಲಿಯಾಗುತ್ತಿರುವಾಗಲೂ ಸಬ್ಬತ್ತಿನ ಆಕಾರ ಕಾನೂನಿನಲ್ಲಿ ನಿಂತಿದೆ.

ದಕ್ಷಿಣದ ಬವೇರಿಯಾದಲ್ಲಿಯೂ ಮಿಷನರಿಗಳನೇಕರ ತವರಾದ ವುರ್ಟೆಂಬೆರ್ಗ್‌ನಲ್ಲಿಯೂ ವಂದನೆಯ ಮಾತಿನಲ್ಲಿ ದೇವರ ಹೆಸರು ಇಂದಿಗೂ ಬಹಿರಂಗವಾಗಿ ಕೇಳಿಸುತ್ತದೆ. ಉತ್ತರದಿಂದ ಹರಡಿದ 'ಚ್ಯೂಸ್' ಎಂಬ ವಿದಾಯದ ಮಾತಿನಲ್ಲಿ ಅದು ಅಡಗಿದೆ. 'ಅದಿಯೂ', ಅಂದರೆ 'ದೇವರಿಗೆ' ಎಂಬುದೇ ಸವೆದು ಸವೆದು ಹಾಗಾಯಿತೆಂದು ಭಾಷಾವಿದ್ವಾಂಸರು ಹೇಳುತ್ತಾರೆ. ಅಂಗಡಿಯ ಹುಡುಗಿ ಚಿಲ್ಲರೆ ಕೊಟ್ಟು ಅದನ್ನೇ ನುಡಿದು ಮುಂದಿನ ಗಿರಾಕಿಯತ್ತ ತಿರುಗುತ್ತಾಳೆ.