ವಾಹನದ ಹವ್ಯಾಸಿ ರೇಡಿಯೊದಲ್ಲಿ ಅಡಚಣೆ ನಿವಾರಣೆ

ವಾಹನದ ಹವ್ಯಾಸಿ ರೇಡಿಯೊದಲ್ಲಿ ಅಡಚಣೆ ನಿವಾರಣೆ ಎಂಬುದು ಕಾರು, ಜೀಪು ಮೊದಲಾದ ವಾಹನಗಳಲ್ಲಿ ಅಳವಡಿಸಿದ ಹವ್ಯಾಸಿ (ಹ್ಯಾಮ್) ರೇಡಿಯೊ ಕೇಂದ್ರಕ್ಕೆ ಉಂಟಾಗುವ ವಿದ್ಯುತ್ ಗದ್ದಲವನ್ನು ಗುರುತಿಸಿ ತಗ್ಗಿಸುವ ವಿಧಾನಗಳಿಗೆ ಇರುವ ಸಾಮಾನ್ಯ ಹೆಸರು. ಈ ಗದ್ದಲವು ವಾಹನದ ಎಂಜಿನ್, ಆಲ್ಟರ್ನೇಟರ್, ವಿದ್ಯುನ್ಮಾನ ಉಪಕರಣಗಳು ಹಾಗೂ ಸುತ್ತಲಿನ ವಿದ್ಯುತ್ ಮಾರ್ಗಗಳಿಂದ ಹುಟ್ಟುತ್ತದೆ. ಗದ್ದಲವು ಸಂದೇಶವನ್ನು ಕಳುಹಿಸುವುದಕ್ಕೆ ತಡೆಯಾಗುವುದಿಲ್ಲ; ಕೇಳಿಸಿಕೊಳ್ಳುವುದಕ್ಕೆ ತಡೆಯಾಗುತ್ತದೆ. ಆದಕಾರಣ ಪ್ರೇಷಕದ ಶಕ್ತಿಯನ್ನು ಹೆಚ್ಚಿಸುವುದರಿಂದ ಇದು ಪರಿಹಾರವಾಗದು. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಂತಹ ಕರಾವಳಿ ಪ್ರದೇಶದಲ್ಲಿ ಉಪ್ಪುಗಾಳಿ, ಸಹ್ಯಾದ್ರಿಯ ಅಡ್ಡಗೋಡೆ ಮತ್ತು ಮಳೆಗಾಲದ ಅವಘಡಗಳ ಕಾರಣದಿಂದ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಜರ್ಮನಿಯ ಭೌತವಿಜ್ಞಾನಿ ಹೈನ್ರಿಕ್ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸಿ ರೇಡಿಯೊ ಅಲೆಗಳನ್ನು ಉತ್ಪಾದಿಸಿದನು. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ನಲ್ಲಿ ನಡೆಯುವುದೂ ತತ್ತ್ವತಃ ಅದೇ ಕ್ರಿಯೆ. ಪ್ರತಿಯೊಂದು ಪ್ಲಗ್ಗೂ ಒಂದು ಪುಟ್ಟ ಪ್ರೇಷಕವಾಗಿ ವರ್ತಿಸುತ್ತದೆ. ಅದರ ಉನ್ನತ ವೋಲ್ಟೇಜಿನ ತಂತಿಯೇ ಆಂಟೆನಾ ಆಗುತ್ತದೆ. ಅಮೆರಿಕದ ಗ್ಯಾಲ್ವಿನ್ ಸಂಸ್ಥೆಯು 1930ರಲ್ಲಿ ‘ಮೊಟೊರೋಲಾ’ ಹೆಸರಿನ ಕಾರ್ ರೇಡಿಯೊವನ್ನು ಮಾರುಕಟ್ಟೆಗೆ ತಂದಾಗ ಎದುರಿಸಿದ ಮುಖ್ಯ ತೊಡಕುಗಳಲ್ಲಿ ಕಿಡಿಯ ಗದ್ದಲವೂ ಒಂದಾಗಿತ್ತು. ರೇಡಿಯೊ ಅಡಚಣೆಗೆ ಮಾನದಂಡ ರೂಪಿಸುವ ‘ಸಿಸ್ಪರ್’ ಎಂಬ ಅಂತರರಾಷ್ಟ್ರೀಯ ಸಮಿತಿಯು 1934ರಲ್ಲಿ ಸ್ಥಾಪನೆಯಾಯಿತು.

ಭಾರತದಲ್ಲಿ ಹವ್ಯಾಸಿ ರೇಡಿಯೊ ಬಳಸಲು ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಕೇಂದ್ರ ಸಂಚಾರ ಸಚಿವಾಲಯದ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗದಿಂದ ಪರವಾನಗಿ ಪಡೆಯುವುದು ಕಡ್ಡಾಯ. ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ದೀರ್ಘ ಪರಂಪರೆಯಿದ್ದು, ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ 1959ರಷ್ಟು ಹಿಂದಿನದು. 2004ರ ಡಿಸೆಂಬರ್‌ನ ಸುನಾಮಿಯ ವೇಳೆ ಅಂಡಮಾನಿನಲ್ಲಿದ್ದ ಹವ್ಯಾಸಿ ರೇಡಿಯೊ ತಂಡವು ಹೊರಜಗತ್ತಿನೊಡನೆ ಸಂಪರ್ಕ ಕಲ್ಪಿಸಿಕೊಟ್ಟದ್ದು ಈ ಹವ್ಯಾಸದ ಸಾರ್ವಜನಿಕ ಉಪಯೋಗಕ್ಕೆ ಪ್ರಸಿದ್ಧ ನಿದರ್ಶನವಾಗಿದೆ.

ಉತ್ತರ ಕನ್ನಡ ಕರಾವಳಿಯ ಸನ್ನಿವೇಶ

ಭಟ್ಕಳ, ಹೊನ್ನಾವರ, ಕುಮಟಾ ಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸುಮಾರು 60 ಕಿಲೋಮೀಟರ್ ಅಂತರದೊಳಗೆ ಇವೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ ಶ್ರೇಣಿ. ಹವ್ಯಾಸಿಗಳು ಹೆಚ್ಚಾಗಿ ಬಳಸುವ 2 ಮೀಟರ್ ಪಟ್ಟಿಯ (144ರಿಂದ 146 ಮೆಗಾಹರ್ಟ್ಸ್) ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಘಟ್ಟವು ಅವುಗಳಿಗೆ ಗೋಡೆಯಾಗುತ್ತದೆ. ಘಟ್ಟದ ಮೇಲಿನ ಊರುಗಳನ್ನೂ ಬೆಂಗಳೂರನ್ನೂ ನೇರವಾಗಿ ತಲುಪಲು ಹಗಲಿನಲ್ಲಿ 40 ಮೀಟರ್ ಪಟ್ಟಿ (7.0ರಿಂದ 7.2 ಮೆಗಾಹರ್ಟ್ಸ್) ಹೆಚ್ಚು ಅನುಕೂಲಕರ. ಈ ಅಲೆಗಳು ಅಯಾನುಗೋಲದಿಂದ ಪ್ರತಿಫಲಿಸಿ ಕೆಲವು ನೂರು ಕಿಲೋಮೀಟರ್‌ವರೆಗೆ ಹರಡುತ್ತವೆ. ಆದರೆ ವಾಹನದ ವಿದ್ಯುತ್ ಗದ್ದಲವು ತೀವ್ರವಾಗಿ ಬಾಧಿಸುವುದು ಇದೇ ಕೆಳ ಆವರ್ತನಗಳಲ್ಲಿ. ಹೀಗೆ ಅತ್ಯಂತ ಅಗತ್ಯವಾದ ಪಟ್ಟಿಯೇ ಅತ್ಯಂತ ಗದ್ದಲದ ಪಟ್ಟಿಯೂ ಆಗಿರುತ್ತದೆ.

2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತ, 2022ರ ಆಗಸ್ಟ್‌ನಲ್ಲಿ ಭಟ್ಕಳದಲ್ಲಿ ಸುರಿದ ಮಹಾಮಳೆ ಮತ್ತು ಮುಟ್ಟಳ್ಳಿಯ ಗುಡ್ಡಕುಸಿತ, 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡ, ಇವು ಈ ಭಾಗದ ಇತ್ತೀಚಿನ ದುರಂತಗಳು. ಇಂತಹ ಸಮಯದಲ್ಲಿ ವಿದ್ಯುತ್ ಹಾಗೂ ಮೊಬೈಲ್ ಸಂಪರ್ಕ ಕಡಿದುಹೋದರೆ, ಸ್ವಂತ ಬ್ಯಾಟರಿಯುಳ್ಳ ಮತ್ತು ಬೇಕಾದೆಡೆಗೆ ಸಾಗಬಲ್ಲ ವಾಹನ ಕೇಂದ್ರವು ಉಪಯುಕ್ತವಾಗುತ್ತದೆ. 100 ವಾಟ್ ಸಾಮರ್ಥ್ಯದ ಪ್ರೇಷಕವು ಮಾತನಾಡುವಾಗ ಸುಮಾರು 20 ಆಂಪಿಯರ್ ವಿದ್ಯುತ್ ಸೆಳೆಯುತ್ತದೆ. ಆದ್ದರಿಂದ ಬಹಳ ಹೊತ್ತು ಎಂಜಿನ್ ನಿಲ್ಲಿಸಿ ಕೆಲಸ ಮಾಡುವುದು ಸಾಧ್ಯವಿಲ್ಲ; ಎಂಜಿನ್ ಓಡುತ್ತಿರುವಾಗಲೇ ಕ್ಷೀಣ ಧ್ವನಿ ಕೇಳುವಂತೆ ವಾಹನವನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ.

ಗದ್ದಲದ ಮೂಲಗಳು

ವಾಹನದೊಳಗಿನ ಮೂಲಗಳನ್ನು ಅವುಗಳ ಸದ್ದಿನಿಂದ ಬಹುಮಟ್ಟಿಗೆ ಗುರುತಿಸಬಹುದು.

• ಕಿಡಿ ವ್ಯವಸ್ಥೆ: ‘ಟಕ್ ಟಕ್’ ಎಂಬ ಸದ್ದು, ಎಂಜಿನ್ ವೇಗ ಹೆಚ್ಚಿದಂತೆ ‘ಟರ್ರ್’ ಎಂದು ಒಂದಾಗುತ್ತದೆ. ಇದು ಪೆಟ್ರೋಲ್ ಮತ್ತು ಅನಿಲ ಎಂಜಿನ್‌ಗಳಿಗೆ ಸೀಮಿತ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಆದರೆ ವಿದ್ಯುನ್ಮಾನ ಇಂಜೆಕ್ಟರ್‌ಗಳು ಇದೇ ಬಗೆಯ ಸದ್ದು ಮಾಡಬಲ್ಲವು.
• ಆಲ್ಟರ್ನೇಟರ್: ಸಿಳ್ಳೆಯಂತಹ ಸದ್ದು, ಎಂಜಿನ್ ವೇಗದೊಂದಿಗೆ ಸ್ವರ ಏರಿಳಿಯುತ್ತದೆ.
• ಇಂಧನ ಪಂಪ್, ಫ್ಯಾನ್, ವೈಪರ್ ಮೋಟಾರುಗಳು: ‘ಗುಂಯ್’ ಅಥವಾ ‘ಚರಚರ’ ಸದ್ದು, ಎಂಜಿನ್ ವೇಗಕ್ಕೆ ಹೊಂದಿಕೊಂಡು ಬದಲಾಗುವುದಿಲ್ಲ.
• ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪ, ಡ್ಯಾಶ್ ಕ್ಯಾಮೆರಾ: ಪಟ್ಟಿಯುದ್ದಕ್ಕೂ ಹರಡಿದ ‘ಸ್‌ಸ್’ ಸದ್ದು, ಅಥವಾ ನಿರ್ದಿಷ್ಟ ಅಂತರಗಳಲ್ಲಿ ಮರುಕಳಿಸುವ ಸ್ವರಗಳು.
• ಎಂಜಿನ್ ನಿಯಂತ್ರಣ ಗಣಕ: ಕೆಲವು ನಿಗದಿತ ಆವರ್ತನಗಳಲ್ಲಿ ಮಾತ್ರ ಕೇಳುವ ಸ್ಥಿರ ಸ್ವರ.
• ವಿದ್ಯುತ್ ಚಾಲಿತ ವಾಹನದ ಇನ್ವರ್ಟರ್: ಮೋಟಾರಿನ ಮೇಲಿನ ಹೊರೆಯೊಡನೆ ಬದಲಾಗುವ ವ್ಯಾಪಕ ಗದ್ದಲ.

ಹೊರಗಿನ ಮೂಲಗಳಲ್ಲಿ ವಿದ್ಯುತ್ ಮಾರ್ಗಗಳು ಪ್ರಮುಖವಾದವು. ಬೇಸಗೆಯ ಉಪ್ಪುಗಾಳಿಯಿಂದ ಕಂಬಗಳ ಪಿಂಗಾಣಿ ಇನ್ಸುಲೇಟರುಗಳ ಮೇಲೆ ಲವಣದ ಪದರ ಕೂರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಅದು ತೇವಗೊಂಡಾಗ ಸಣ್ಣ ವಿದ್ಯುತ್ ವಿಸರ್ಜನೆಗಳು ಉಂಟಾಗುತ್ತವೆ. ಮಳೆಗಾಲದ ಜಡಿಮಳೆ ಈ ಪದರವನ್ನು ತೊಳೆದುಹಾಕುತ್ತದೆ. ಹೊನ್ನಾವರ ತಾಲೂಕಿನ ಗೇರುಸೊಪ್ಪದ ಶರಾವತಿ ಜಲವಿದ್ಯುದಾಗಾರದಿಂದ ಹೊರಡುವ ಮಾರ್ಗಗಳೂ, ಮೂರೂ ತಾಲೂಕುಗಳನ್ನು ಹಾದುಹೋಗುವ ಕೊಂಕಣ ರೈಲ್ವೆಯ 25,000 ವೋಲ್ಟ್ ಮೇಲ್ತಂತಿಯೂ ಈ ಪ್ರದೇಶದಲ್ಲಿವೆ. ಕೊಂಕಣ ರೈಲ್ವೆಯ ವಿದ್ಯುದೀಕರಣವನ್ನು 2022ರ ಜೂನ್‌ನಲ್ಲಿ ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಇವುಗಳ ಹೊರತಾಗಿ, ಮುಂಗಾರಿಗೆ ಮುಂಚಿನ ಗುಡುಗು ಮಿಂಚುಗಳ ‘ಚಟಚಟ’ ಸದ್ದು ಪ್ರಕೃತಿಸಹಜವಾದುದು. ವಾಹನದಲ್ಲಿ ಯಾವ ಮಾರ್ಪಾಡು ಮಾಡಿದರೂ ಅದು ನಿಲ್ಲುವುದಿಲ್ಲ.

ಮೂಲವನ್ನು ಪತ್ತೆಹಚ್ಚುವ ಕ್ರಮ

ಪರಿಹಾರಕ್ಕೆ ಮೊದಲು ಮೂಲ ತಿಳಿಯಬೇಕು. ಅಂದಾಜಿನಿಂದ ಬಿಡಿಭಾಗಗಳನ್ನು ಕೊಂಡು ಜೋಡಿಸುತ್ತ ಹೋದರೆ ಹಣವೂ ಸಮಯವೂ ವ್ಯರ್ಥವಾಗುತ್ತವೆ. ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ.

1. ವಾಹನವನ್ನು ವಿದ್ಯುತ್ ತಂತಿ ಹಾಗೂ ರೈಲು ಮಾರ್ಗಗಳಿಂದ ದೂರದ ಬಯಲಿನಲ್ಲಿ ನಿಲ್ಲಿಸಬೇಕು. ಕೀಲಿ ತೆಗೆದು ಕೆಲವು ನಿಮಿಷ ಕಾಯಬೇಕು, ಏಕೆಂದರೆ ಹೊಸ ವಾಹನಗಳ ಗಣಕಗಳು ಕೀಲಿ ತೆಗೆದ ಮೇಲೂ ಸ್ವಲ್ಪ ಹೊತ್ತು ಎಚ್ಚರವಾಗಿರುತ್ತವೆ. ಆಗ ರೇಡಿಯೊದ ಎಸ್-ಮೀಟರ್ ತೋರಿಸುವುದು ಆ ಸ್ಥಳದ ಗದ್ದಲ. ಇದನ್ನು ಬರೆದಿಟ್ಟುಕೊಳ್ಳಬೇಕು.
2. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಬೇಕು. ಈಗ ಹೆಚ್ಚಾಗುವ ಗದ್ದಲ ಇಂಧನ ಪಂಪ್ ಅಥವಾ ಗಣಕದ್ದು.
3. ಎಂಜಿನ್ ಚಾಲೂ ಮಾಡಿ ವೇಗವನ್ನು ನಿಧಾನವಾಗಿ ಏರಿಸಬೇಕು. ವೇಗದೊಂದಿಗೆ ಬದಲಾಗುವ ಸದ್ದು ಕಿಡಿಯದು ಅಥವಾ ಆಲ್ಟರ್ನೇಟರಿನದು.
4. ಹವಾನಿಯಂತ್ರಣದ ಫ್ಯಾನ್, ವೈಪರ್, ದೀಪ, ಚಾರ್ಜರ್‌ಗಳನ್ನು ಒಂದೊಂದಾಗಿ ಹಾಕಿ ತೆಗೆದು ನೋಡಬೇಕು.
5. ಕೊನೆಗೆ ಆಂಟೆನಾ ಕೇಬಲನ್ನು ರೇಡಿಯೊದಿಂದ ಕಳಚಬೇಕು. ಗದ್ದಲ ಉಳಿದರೆ ಅದು ವಿದ್ಯುತ್ ತಂತಿಯ ಮೂಲಕ ಬರುತ್ತಿದೆ; ಮಾಯವಾದರೆ ಆಂಟೆನಾ ಅಥವಾ ಅದರ ಕೇಬಲ್ ಮೂಲಕ ಬರುತ್ತಿದೆ. ಕಳಚಿದ ಸ್ಥಿತಿಯಲ್ಲಿ ಪ್ರೇಷಣ ಮಾಡಕೂಡದು.

ಕೇಳಿದ ಸದ್ದಿನ ಎಣಿಕೆಯೂ ಸುಳಿವು ನೀಡುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಉರಿಯುತ್ತದೆ. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಅದು ಸೆಕೆಂಡಿಗೆ 100 ಬಾರಿಯಾಗುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ ಮಾರ್ಗದ ಗದ್ದಲವೂ ಸೆಕೆಂಡಿಗೆ 100 ಬಾರಿಯೇ ಬಡಿಯುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಚಲಿಸುವಾಗ ಇವೆರಡೂ ಕಿವಿಗೆ ಒಂದೇ ಎನಿಸಬಹುದು. ವಾಹನ ನಿಲ್ಲಿಸಿ ಎಂಜಿನ್ ವೇಗ ಇಳಿಸಿದಾಗ ಸ್ವರ ಇಳಿದರೆ ದೋಷ ವಾಹನದ್ದು. ಇಳಿಯದಿದ್ದರೆ ಅದು ಹೊರಗಿನದು.

ನಿವಾರಣಾ ಕ್ರಮಗಳು

ವಿದ್ಯುತ್ ಪೂರೈಕೆ

ರೇಡಿಯೊಗೆ ವಿದ್ಯುತ್ತನ್ನು ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಪಡೆಯದೆ, ಬ್ಯಾಟರಿಯಿಂದಲೇ ದಪ್ಪನೆಯ ತಾಮ್ರದ ತಂತಿಗಳ ಮೂಲಕ ಪಡೆಯಬೇಕು. ಬ್ಯಾಟರಿಗೆ ಸಮೀಪದಲ್ಲಿ ಫ್ಯೂಸ್ ಇರಲೇಬೇಕು. ಇಲ್ಲವಾದರೆ ತಂತಿ ಉಜ್ಜಿ ಚಾಸಿಗೆ ತಗುಲಿದಾಗ ಬೆಂಕಿ ಹತ್ತುವ ಅಪಾಯವಿದೆ. ಕೆಂಪು ಮತ್ತು ಕಪ್ಪು ತಂತಿಗಳನ್ನು ಜೊತೆಯಾಗಿ ಹೊಸೆದು, ಎಂಜಿನ್ ತಂತಿಗಳ ಕಟ್ಟಿನಿಂದ ದೂರವಾಗಿ ಒಯ್ಯಬೇಕು. ಬ್ಯಾಟರಿಯ ಋಣ ತುದಿಯಲ್ಲಿ ವಿದ್ಯುತ್ ಪ್ರವಾಹವನ್ನು ಅಳೆಯುವ ಸಂವೇದಕವಿರುವ ಹೊಸ ವಾಹನಗಳಲ್ಲಿ ಕಪ್ಪು ತಂತಿಯನ್ನು ಆ ತುದಿಗೆ ಜೋಡಿಸದೆ, ಬ್ಯಾಟರಿಯ ಋಣ ಕೇಬಲ್ ಚಾಸಿಗೆ ಸೇರುವ ಸ್ಥಳದಲ್ಲಿ ಜೋಡಿಸುವುದು ಸೂಕ್ತ.

ಲೋಹಭಾಗಗಳ ಜೋಡಣೆ

ಬಾನೆಟ್, ಡಿಕ್ಕಿಯ ಮುಚ್ಚಳ, ಬಾಗಿಲುಗಳು ಕೀಲುಗಳ ಮೂಲಕ ಮಾತ್ರ ಚಾಸಿಗೆ ತಗುಲಿರುತ್ತವೆ. ಸೈಲೆನ್ಸರ್ ಕೊಳವೆಯನ್ನು ರಬ್ಬರಿನಿಂದ ತೂಗುಹಾಕಿರುತ್ತಾರೆ. ಹೀಗೆ ಬೇರ್ಪಟ್ಟ ಲೋಹಭಾಗಗಳು ಎಂಜಿನ್ನಿನ ಗದ್ದಲವನ್ನು ಹೊರಸೂಸುವ ಆಂಟೆನಾಗಳಾಗುತ್ತವೆ. ಇವನ್ನು ಹೆಣೆದ ತಾಮ್ರದ ಅಗಲವಾದ ಪಟ್ಟಿಗಳಿಂದ ಚಾಸಿಗೆ ಜೋಡಿಸಬೇಕು. ಪಟ್ಟಿ ಗಿಡ್ಡವಾಗಿದ್ದಷ್ಟೂ ಅಗಲವಾಗಿದ್ದಷ್ಟೂ ಒಳ್ಳೆಯದು. ತೆಳುವಾದ ಉದ್ದನೆಯ ತಂತಿಯು ರೇಡಿಯೊ ಆವರ್ತನಗಳಲ್ಲಿ ಪ್ರಯೋಜನಕ್ಕೆ ಬಾರದು.

ಫೆರೈಟ್ ಉಂಗುರಗಳು

ಫೆರೈಟ್ ಎಂಬ ಕಾಂತೀಯ ಪದಾರ್ಥದ ಉಂಗುರದಲ್ಲಿ ತಂತಿಯನ್ನು ಸುತ್ತಿದಾಗ ತಂತಿಯ ಮೇಲೆ ಹರಿಯುವ ಗದ್ದಲಕ್ಕೆ ತಡೆ ಉಂಟಾಗುತ್ತದೆ. ಬ್ಯಾಟರಿಯ ನೇರ ವಿದ್ಯುತ್ತಿಗೆ ತಡೆಯಾಗುವುದಿಲ್ಲ. ತಡೆಯು ಸ್ಥೂಲವಾಗಿ ಸುತ್ತುಗಳ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ: ಮೂರು ಸುತ್ತು ಹಾಕಿದರೆ ಸುಮಾರು ಒಂಬತ್ತು ಪಟ್ಟು. ಒಂದೇ ಬಾರಿ ತಂತಿ ಹಾಯುವ ಕ್ಲಿಪ್ ಉಂಗುರವು 2 ಮೀಟರ್ ಪಟ್ಟಿಗೆ ಸಾಕಾಗಬಹುದಾದರೂ 40 ಮೀಟರ್ ಪಟ್ಟಿಗೆ ಸಾಲದು. ಅಲ್ಲಿ ‘31’ ಎಂಬ ಬಗೆಯ ಫೆರೈಟಿನ ಮೇಲೆ ಹಲವು ಸುತ್ತುಗಳು ಬೇಕಾಗುತ್ತವೆ. ಉಂಗುರವನ್ನು ಗದ್ದಲ ಮಾಡುವ ಉಪಕರಣದ ಸಮೀಪದಲ್ಲಿಯೇ ಹಾಕಬೇಕು. ಅಗ್ಗದ ಚಾರ್ಜರ್‌ಗಳಿಗೆ ಉಂಗುರ ಹುಡುಕುವುದಕ್ಕಿಂತ ಅವನ್ನು ಕಿತ್ತಿಡುವುದೇ ಸುಲಭ.

ಕಿಡಿ ವ್ಯವಸ್ಥೆ ಮತ್ತು ಆಲ್ಟರ್ನೇಟರ್

ಸುಮಾರು 5,000 ಓಮ್ ರೋಧವನ್ನು ಒಳಗೊಂಡ ಸ್ಪಾರ್ಕ್ ಪ್ಲಗ್‌ಗಳು ಕಿಡಿಯ ಗದ್ದಲವನ್ನು ಗಣನೀಯವಾಗಿ ತಗ್ಗಿಸುತ್ತವೆ. ವಾಹನ ತಯಾರಕರು ಸೂಚಿಸಿದ ಬಗೆಯನ್ನೇ ಬಳಸಬೇಕು. ಸವೆದ ಪ್ಲಗ್, ಬಿರುಕು ಬಿಟ್ಟ ಕೇಬಲ್, ಸಡಿಲವಾದ ಕ್ಯಾಪ್ ಇವುಗಳನ್ನು ಬದಲಿಸುವುದರಿಂದಲೇ ಎಷ್ಟೋ ಬಾರಿ ಸಮಸ್ಯೆ ಬಗೆಹರಿಯುತ್ತದೆ. ಆಲ್ಟರ್ನೇಟರಿನ ಸಿಳ್ಳೆ ಹಠಾತ್ತಾಗಿ ಹೆಚ್ಚಿದರೆ ಅದರೊಳಗಿನ ಡಯೋಡ್ ಕೆಟ್ಟಿರುವ ಸಾಧ್ಯತೆಯಿದೆ. ಆಗ ಫಿಲ್ಟರ್ ಹಾಕುವುದಲ್ಲ, ದುರಸ್ತಿ ಮಾಡಿಸಬೇಕು.

ಆಂಟೆನಾ ಮತ್ತು ಗ್ರಾಹಕ

ಆಂಟೆನಾವನ್ನು ಎಂಜಿನ್ನಿನಿಂದ ಸಾಧ್ಯವಾದಷ್ಟು ದೂರ, ಲೋಹದ ಛಾವಣಿಯ ನಡುವೆ ನಿಲ್ಲಿಸುವುದು ಉತ್ತಮ. 2 ಮೀಟರ್ ಪಟ್ಟಿಯ ಕಾಲು-ಅಲೆ ಆಂಟೆನಾ ಸುಮಾರು ಅರ್ಧ ಮೀಟರ್ ಉದ್ದವಿರುತ್ತದೆ. 40 ಮೀಟರ್ ಪಟ್ಟಿಗೆ ಕಾಲು-ಅಲೆ ಎಂದರೆ ಹತ್ತು ಮೀಟರಿಗೂ ಹೆಚ್ಚು. ಆದ್ದರಿಂದ ಸುರುಳಿ ಸೇರಿಸಿದ ಗಿಡ್ಡ ಆಂಟೆನಾ ಬಳಸುತ್ತಾರೆ. ಕೇಬಲಿನ ಹೊರಕವಚದ ಮೇಲೆ ಗದ್ದಲ ಹರಿಯದಂತೆ ಆಂಟೆನಾದ ಬುಡದಲ್ಲಿಯೂ ಫೆರೈಟ್ ಹಾಕಬೇಕು. ಗ್ರಾಹಕದಲ್ಲಿರುವ ‘ನಾಯ್ಸ್ ಬ್ಲ್ಯಾಂಕರ್’ ಕಿಡಿಯಂತಹ ಚೂಪಾದ ಮಿಡಿತಗಳನ್ನು ಕತ್ತರಿಸಬಲ್ಲದು. ನಿರಂತರ ಗದ್ದಲದ ಎದುರು ಅದು ನಿಷ್ಪ್ರಯೋಜಕ.

ಫಲಿತಾಂಶದ ಅಳತೆ

ಎಸ್-ಮೀಟರಿನ ಒಂದು ಅಂಕವು ಪ್ರಮಾಣಿತವಾಗಿ 6 ಡೆಸಿಬೆಲ್‌ಗೆ ಸಮ. ಗದ್ದಲವು ಎಸ್-7ರಿಂದ ಎಸ್-5ಕ್ಕೆ ಇಳಿದರೆ 12 ಡೆಸಿಬೆಲ್ ಲಾಭವಾಗುತ್ತದೆ. ದೂರದ ಕೇಂದ್ರವು ತನ್ನ ಶಕ್ತಿಯನ್ನು 10 ವಾಟ್‌ನಿಂದ ಸುಮಾರು 160 ವಾಟ್‌ಗೆ ಏರಿಸಿದರೆ ಕೇಳುಗನಿಗೆ ಎಷ್ಟು ಅನುಕೂಲವೋ ಇದರಿಂದಲೂ ಅಷ್ಟೇ ಅನುಕೂಲ. ನೆರೆಯಲ್ಲಿ ಸಿಲುಕಿದ ಕೇಂದ್ರದ ಬ್ಯಾಟರಿ ದುರ್ಬಲವಾಗಿದ್ದಾಗ ಶಕ್ತಿಯನ್ನು ಏರಿಸುವುದು ಅದರ ಕೈಯಲ್ಲಿರುವುದಿಲ್ಲ. ಗದ್ದಲವನ್ನು ಇಳಿಸಿಕೊಳ್ಳುವುದು ಮಾತ್ರ ಕೇಳುವವರ ಕೈಯಲ್ಲಿರುತ್ತದೆ.

ಕರಾವಳಿಯಲ್ಲಿ ನಿರ್ವಹಣೆ

ಉಪ್ಪುಗಾಳಿಯಲ್ಲಿ ತಾಮ್ರ ಮತ್ತು ಉಕ್ಕಿನ ಸಂಧಿಗಳು ಬೇಗನೆ ತುಕ್ಕು ಹಿಡಿಯುತ್ತವೆ. ತುಕ್ಕು ಹಿಡಿದ ಸಂಧಿಯು ಗದ್ದಲವನ್ನು ತಡೆಯುವ ಬದಲು ತಾನೇ ಹೊಸ ಗದ್ದಲಕ್ಕೆ ಕಾರಣವಾಗಬಲ್ಲದು. ತವರ ಲೇಪಿಸಿದ ಪಟ್ಟಿಗಳನ್ನೇ ಬಳಸಿ, ಸಂಧಿಯ ಬಣ್ಣವನ್ನು ಉಜ್ಜಿ ತೆಗೆದು, ಹಲ್ಲುಗಳುಳ್ಳ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಬೇಕು. ಆಂಟೆನಾ ಕೇಬಲಿನ ತುದಿಗೆ ನೀರು ಹೋಗದಂತೆ ಸ್ವಯಂ ಅಂಟುವ ರಬ್ಬರ್ ಪಟ್ಟಿ ಸುತ್ತಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಎಲ್ಲ ಸಂಧಿಗಳನ್ನು ಬಿಚ್ಚಿ ನೋಡಿ, ಹಿಂದೆ ಬರೆದಿಟ್ಟ ಎಸ್-ಮೀಟರ್ ಅಂಕಗಳೊಂದಿಗೆ ಹೋಲಿಸುವುದು ಒಳ್ಳೆಯ ರೂಢಿ.

ಸುರಕ್ಷತೆ ಮತ್ತು ನಿಯಮಗಳು

ಅಡಚಣೆಯು ವಿರುದ್ಧ ದಿಕ್ಕಿನಲ್ಲೂ ಸಂಭವಿಸುತ್ತದೆ. ಪ್ರೇಷಣ ಮಾಡುವಾಗ ಎಚ್ಚರಿಕೆ ದೀಪಗಳು ಹೊತ್ತಿಕೊಂಡರೆ ಅಥವಾ ಎಂಜಿನ್ ತಡವರಿಸಿದರೆ ಕೂಡಲೇ ನಿಲ್ಲಿಸಿ, ಶಕ್ತಿಯನ್ನು ಕಡಿಮೆ ಮಾಡಿ ಕಾರಣ ಹುಡುಕಬೇಕು. ಏರ್‌ಬ್ಯಾಗ್ ಹಾಗೂ ಬ್ರೇಕ್ ನಿಯಂತ್ರಣದ ತಂತಿಗಳನ್ನು ಕತ್ತರಿಸುವುದಾಗಲಿ ಅವುಗಳಿಗೆ ಏನನ್ನಾದರೂ ಜೋಡಿಸುವುದಾಗಲಿ ಸಲ್ಲದು. ಟ್ಯಾಂಕಿನೊಳಗಿನ ಇಂಧನ ಪಂಪಿನ ಕೆಲಸವನ್ನು ನುರಿತ ಮೆಕ್ಯಾನಿಕ್‌ಗೇ ಬಿಡಬೇಕು. ಚಾಲಕನು ವಾಹನ ಓಡಿಸುತ್ತಿರುವಾಗ ರೇಡಿಯೊ ನಿರ್ವಹಿಸದೆ, ಬದಿಗೆ ನಿಲ್ಲಿಸಿ ಮಾತನಾಡುವುದು ಅಥವಾ ಅದನ್ನು ಸಹಪ್ರಯಾಣಿಕನಿಗೆ ವಹಿಸುವುದು ಕ್ಷೇಮ.

ವಾಹನದ ಹೊರಗಿನ ಗ್ರಾಹಕಗಳ ರಕ್ಷಣೆಗೆ ‘ಸಿಸ್ಪರ್ 12’, ವಾಹನದೊಳಗಿನ ಗ್ರಾಹಕಗಳ ರಕ್ಷಣೆಗೆ ‘ಸಿಸ್ಪರ್ 25’ ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ. ಭಾರತದಲ್ಲಿ ವಾಹನಗಳ ವಿದ್ಯುತ್ಕಾಂತೀಯ ಹೊಂದಾಣಿಕೆಗೆ ‘ಎಐಎಸ್-004’ರ ಮೂರನೆಯ ಭಾಗ ಅನ್ವಯಿಸುತ್ತದೆ. ಈ ಮಾನದಂಡಗಳನ್ನು ಪಾಲಿಸಿದ ವಾಹನದಲ್ಲಿಯೂ ಹವ್ಯಾಸಿಯ ಸೂಕ್ಷ್ಮ ಗ್ರಾಹಕಕ್ಕೆ ಕೇಳುವಷ್ಟು ಗದ್ದಲ ಉಳಿದಿರಬಹುದು. ವಿದ್ಯುತ್ ಕಂಬದ ಗದ್ದಲ ಪತ್ತೆಯಾದರೆ ಕಂಬದ ಸಂಖ್ಯೆ ಮತ್ತು ಸ್ಥಳವನ್ನು ಗುರುತಿಸಿ ವಿದ್ಯುತ್ ಸರಬರಾಜು ಕಂಪನಿಗೆ ತಿಳಿಸಬೇಕೇ ಹೊರತು, ಕಂಬವನ್ನು ಮುಟ್ಟುವುದಾಗಲಿ ಅಲುಗಿಸುವುದಾಗಲಿ ಪ್ರಾಣಾಪಾಯಕಾರಿ.

ಇವನ್ನೂ ನೋಡಿ

• ಹವ್ಯಾಸಿ ರೇಡಿಯೊ
• ಹೈನ್ರಿಕ್ ಹರ್ಟ್ಸ್
• ಅಯಾನುಗೋಲ
• ಕೊಂಕಣ ರೈಲ್ವೆ
• ಉತ್ತರ ಕನ್ನಡ